ಊಟದ ನಂತರದ ಅಂಕಿಗಳು

ಫೆಬ್ರವರಿ 4, ಮಂಗಳವಾರ

…ಚಿನ್ನದಂಥ ಪುಸ್ತಕ ಅಂದಿದ್ದರೋ, ಚಿನ್ನದಂಥ ಶುಗರ್ ಅಂದಿದ್ದರೋ. ಒಂಬತ್ತು ವರ್ಷವಾಯಿತು, ಸರಿಯಾಗಿ ನೆನಪಿಲ್ಲ. ಅಂದದ್ದು ಹೆರಿಗೆ ಡಾಕ್ಟರು, ಬಸುರಿಯಲ್ಲಿ ನನ್ನ ಶುಗರ್ ಬರೆದಿಟ್ಟ ಪುಸ್ತಕ ನೋಡಿ. ನನ್ನೆದುರಿಗಲ್ಲ, ಅಕ್ಕನೆದುರಿಗೆ. ಅಕ್ಕ ಬಂದು ನನಗೆ ಹೇಳಿದಳು. ಆಮೇಲೂ ಹೇಳುತ್ತಲೇ ಬಂದಿದ್ದಾಳೆ. ನನ್ನ ಮಗಳು ಗುಂಡು ನಡೆಯುವುದು ತಡವಾದಾಗ, ಮಾತು ತಡವಾದಾಗ, ಪೆನ್ಸಿಲ್ ಹಿಡಿಯಲು ಬಾರದಾಗ. "ನಿನ್ನಿಂದ ಆದದ್ದಲ್ಲ ಬಿಡು. ನಿನ್ನ ಶುಗರ್ ಚಿನ್ನದಂಗಿತ್ತು, ಡಾಕ್ಟರೇ ಅಂದಿದ್ದಾರೆ."

ಇವತ್ತು ನೆನಪಾದದ್ದು ಆಸ್ಪತ್ರೆಯ ಫೋನಿನಿಂದ. ಬಸುರಿಯಲ್ಲಿ ಶುಗರ್ ಬಂದ ತಾಯಂದಿರಿಗೆ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು — ಅವರನ್ನು ಎರಡು ವರ್ಷಕ್ಕೆ, ಐದು ವರ್ಷಕ್ಕೆ ಕರೆಸಿ ನೋಡಿದ್ದರು. ಈಗ ಒಂಬತ್ತಕ್ಕೆ. ಗುರುವಾರ ಬನ್ನಿ ಅಂದರು. ರಜೆ ಚೀಟಿ ಬರೆದೆ.

ನಮ್ಮ ತೂಕ-ಅಳತೆ ಆಫೀಸಿನಲ್ಲಿ ಬೆಳಗಿನಿಂದ ಹದಿನಾಲ್ಕು ತಕ್ಕಡಿ ಪರೀಕ್ಷೆ. ಎರಡು ವಾಪಸು. ಒಬ್ಬ ಅಂಗಡಿಯವನು, "ಮೇಡಂ, ಎರಡು ಗ್ರಾಂ ತಾನೆ, ಕಣ್ಣು ಮುಚ್ಚಿ" ಅಂದ. ನಕ್ಕೆ. ಮುಚ್ಚಲಿಲ್ಲ.

ಫೆಬ್ರವರಿ 6, ಗುರುವಾರ

ಎರಡೂವರೆ ಗಂಟೆ ಕೂರಿಸಿದರು ಮಗುವನ್ನು. ಆಕಾರ ನೋಡಿ ಬರೆಯುವುದು, ಮಣಿ ಪೋಣಿಸುವುದು, ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು. ನಾನು ಗಾಜಿನ ಈಚೆ. ಮಣಿ ಮೂರು ಸಲ ಜಾರಿಬಿತ್ತು. ನಾಲ್ಕನೇ ಸಲ ಗುಂಡು ಮಣಿಗೇ ಬೈದಳು.

ಹೆಸರಿಗೆ ಗುಂಡು. ಈಗ ಕಡ್ಡಿ. ಮೂವತ್ತಮೂರನೇ ವಾರಕ್ಕೆ ಹುಟ್ಟಿದಾಗ ಎರಡು ಕಿಲೋ ಆರುನೂರು ಇದ್ದಳು. ನೋಡಲು ಬಂದವರೆಲ್ಲ, "ಇದು ಬೇಗ ಹುಟ್ಟಿದ ಮಗು ಅಂದ್ರೆ ಯಾರು ನಂಬ್ತಾರೆ" ಅಂದರು. ಮೈ ತುಂಬಿತ್ತು, ಶ್ವಾಸಕೋಶ ತುಂಬಿರಲಿಲ್ಲ. ಹುಟ್ಟಿದ ಎರಡನೇ ಗಂಟೆಗೆ ಅವಳ ಶುಗರ್ ನೆಲ ಕಚ್ಚಿತು. ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ದಿನ.

ಮಕ್ಕಳನ್ನು ನೋಡುವ ಈ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವಳು. ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಗುಂಡುವಿನ ಹಾಳೆ ತೋರಿಸಿದಳು. 52ರಲ್ಲಿ 17 ಕಳೆದರೆ 45.

"ಮನೇಲಿ ಲೆಕ್ಕ ಹೇಗೆ ಮಾಡ್ತಾಳೆ?"

"ಭಾಗಾಕಾರ ಮಾಡ್ತಾಳೆ. ಹೋಂವರ್ಕ್ ಒಂದೂ ತಪ್ಪಿರಲ್ಲ."

"ಹೌದಾ?"

ಆ 'ಹೌದಾ'ದಲ್ಲಿ ಅನುಮಾನ ಇರಲಿಲ್ಲ, ಬರೀ ಆಶ್ಚರ್ಯ. ನನಗೆ ಅದೂ ಹಿಡಿಸಲಿಲ್ಲ. ಅಕ್ಟೋಬರಿನಲ್ಲಿ ಕ್ಲಾಸ್ ಟೀಚರೂ ಹೀಗೇ ಒಂದು ಫಾರಂ ಕೊಟ್ಟಿದ್ದರು — ಗುಂಡುವನ್ನು ದಿನಾ ಒಂದು ಗಂಟೆ ಬೇರೆ ಕೂರಿಸಿ ಕಲಿಸೋಣ, ನಿಮ್ಮ ಸಹಿ ಬೇಕು. ಹೋಂವರ್ಕ್ ಪುಸ್ತಕ ತೆಗೆದು ಟೀಚರ ಮುಂದಿಟ್ಟಿದ್ದೆ. ಪುಟಪುಟಕ್ಕೂ ಸರಿ ಗುರುತು. ಅವರು ಒತ್ತಾಯಿಸಲಿಲ್ಲ. ಫಾರಂ ಇನ್ನೂ ನನ್ನ ಬ್ಯಾಗಿನಲ್ಲಿದೆ.

ಹೊರಡುವಾಗ ಡಾಕ್ಟರು ಹಳೇ ಫೈಲು ತೆಗೆದಳು. "ಇದು ನಿಮ್ಮದೇ ಶುಗರ್ ಪುಸ್ತಕದ ನಕಲು ತಾನೆ? ನೋಡಿ ಸಹಿ ಮಾಡಿ. ಹಿಡಿತದಲ್ಲಿ ಇಟ್ಟುಕೊಂಡವರ ಮಕ್ಕಳು ಒಂದು ಗುಂಪು, ಹಿಡಿತ ತಪ್ಪಿದವರದು ಇನ್ನೊಂದು. ಎರಡನ್ನೂ ಹೋಲಿಸಿ ನೋಡ್ತಿದ್ದೀವಿ. ನಿಮ್ಮದು ಮೊದಲ ಗುಂಪು. ಇದರ ಒಂದು ಪುಟಾನ ಬಸುರಿಯರಿಗೆ ತೋರಿಸೋಕೆ ಅಂತ ಗೋಡೆಗೇ ಹಾಕಿದ್ರಂತೆ ಒಂದು ಕಾಲಕ್ಕೆ."

ನಾಲ್ಕು ಪುಟ. ಅಕ್ಕನ ಅಕ್ಷರ. ಬಸುರಿಯಾಗಿದ್ದಾಗ ನಾನು ಈ ಪುಸ್ತಕ ಬಿಡಿಸಿ ನೋಡಿದವಳಲ್ಲ. ಈಗ ನೋಡಿದೆ. ಕುತ್ತಿಗೆಯ ಹಿಂದೆ ಏನೋ ಹರಿದ ಹಾಗಾಯಿತು. ಕೆಲಸದಲ್ಲಿ ಅನುಮಾನದ ಕಾಗದ ಕಂಡಾಗ ಆಗುವಂಥದ್ದು. ಮನೆಗೆ ಹೋಗಿ ನೋಡಿ ಸಹಿ ಮಾಡುತ್ತೇನೆ ಅಂತ ಸುಳ್ಳು ಹೇಳಿ ಫೋನಿನಲ್ಲಿ ಫೋಟೋ ತೆಗೆದುಕೊಂಡೆ.

ಫೆಬ್ರವರಿ 7, ಶುಕ್ರವಾರ. ಊಟದ ಬಿಡುವು

ಎಣಿಸಿದೆ. ಎಣಿಸಬಾರದಿತ್ತು.

ತಕ್ಕಡಿ ಪರೀಕ್ಷೆ ಅಂದರೆ ಇಷ್ಟೇ — ಗೊತ್ತಿರುವ ತೂಕ ಇಡಬೇಕು, ತಕ್ಕಡಿ ಏನನ್ನುತ್ತದೋ ಬರೆಯಬೇಕು. ಹತ್ತು ಸಲ. ಸೋಮಾರಿಗಳು ಎರಡು ಸಲ ಇಟ್ಟು, ಉಳಿದ ಎಂಟನ್ನು ತಲೆಯಿಂದ ಬರೆಯುತ್ತಾರೆ. ಹಿಡಿಯುವುದು ಕಷ್ಟವಲ್ಲ. ನಮ್ಮ ವಿಭಾಗದ ಹಿರಿಯರು, ಪಾಠ ಹೇಳುವ ಚಟಕ್ಕೆ ಮೇಷ್ಟ್ರು ಅಂತಲೇ ಹೆಸರಾದವರು, ನಾನು ಸೇರಿದ ವಾರವೇ ಹೇಳಿದ್ದರು: "ನಿಜವಾದ ರೀಡಿಂಗಿಗೆ ನಾಚಿಕೆ ಇರಲ್ಲಮ್ಮ. ಒಂದೇ ಅಂಕಿ ಮೂರು ಸಲ ಬಂದು ಕೂತ್ಕೊಳ್ಳುತ್ತೆ. ನಾಚಿಕೆ ಇರೋದು ಸುಳ್ಳು ಬರೆಯೋನಿಗೆ. ಒಮ್ಮೆ ಬರೆದದ್ದನ್ನ ಮತ್ತೆ ಬರೆಯೋಕೆ ಹೆದರ್ತಾನೆ. ಸೊನ್ನೆ ಕಂಡ್ರೆ ಹೆದರ್ತಾನೆ. ಐದು ಕಂಡ್ರೂ."

ಪುಸ್ತಕದಲ್ಲಿ ನಲವತ್ತೊಂಬತ್ತು ದಿನ. ಬೆಳಿಗ್ಗೆ ಖಾಲಿ ಹೊಟ್ಟೆಯದು ಒಂದು, ಮೂರು ಹೊತ್ತು ಊಟವಾಗಿ ಒಂದು ಗಂಟೆಗೆ ಮೂರು. ಊಟದ ನಂತರದ್ದು 140 ದಾಟಬಾರದು ಅಂದಿದ್ದರು.

ಮೊದಲ ಹನ್ನೊಂದು ದಿನ: 168, 140, 140, 191, 155, 203, 140, 155… ಒರಟು. ಕುಂಟುತ್ತಾ ಓಡುವ ಅಂಕಿಗಳು. ಹನ್ನೊಂದನೇ ದಿನ ಮಧ್ಯಾಹ್ನ 212.

ಹನ್ನೆರಡನೇ ದಿನದಿಂದ: 124, 131, 118, 127, 122, 136, 119, 128… ಕೈಹಿಡಿದು ಸಾಲಾಗಿ ಹೊರಟ ಶಾಲೆ ಮಕ್ಕಳ ಹಾಗೆ. ಮೂವತ್ತೆಂಟು ದಿನ, ನೂರಾಹದಿನಾಲ್ಕು ಅಂಕಿ. ಸೊನ್ನೆಯಲ್ಲೋ ಐದರಲ್ಲೋ ಮುಗಿಯುವಂಥವು ಸುಮಾರು ಇಪ್ಪತ್ತಮೂರು ಇರಬೇಕಿತ್ತು. ಇರುವುದು ಒಂದು. ಬೆನ್ನುಬೆನ್ನಿಗೆ ಒಂದೇ ಅಂಕಿ ಎಲ್ಲೂ ಇಲ್ಲ.

ಇದು ಬೇರೆ ಯಾರದೋ ಕಾಗದವಾಗಿದ್ದರೆ ಕೆಂಪು ಮುದ್ರೆ ಒತ್ತಿ, ಟೀ ಕುಡಿಯಲು ಹೋಗುತ್ತಿದ್ದೆ.

ಅದೇ ದಿನ, ಸಂಜೆ 5

ಆ 212. ನೆನಪಿದೆ. ದಿನಾ ತಕ್ಕಡಿಯ ಅಂಕಿ ನೋಡುವವಳು, ನನ್ನ ಬೆರಳಿಗೆ ನಾನೇ ಚುಚ್ಚಿಕೊಳ್ಳಲಾರೆ. ಚುಚ್ಚುವುದು, ಓದುವುದು, ಬರೆಯುವುದು ಎಲ್ಲ ಅಕ್ಕ. ಹೊಲಿಗೆ ಅಂಗಡಿ ಮುಚ್ಚಿ ಎರಡು ತಿಂಗಳು ನಮ್ಮ ಮನೆಯಲ್ಲಿದ್ದಳು. 212 ಅಂದಳು. ತಟ್ಟೆ ದೂಡಿ ಒಳಗೆ ಹೋಗಿ ಮಲಗಿದೆ. ರಾತ್ರಿಯೂ ಸರಿಯಾಗಿ ತಿನ್ನಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಹೇಳಿದೆ: "ಇನ್ನು ನಂಬರ್ ನನಗೆ ಹೇಳಬೇಡ."

ಅದು ಹನ್ನೆರಡನೇ ದಿನ.

ಫೆಬ್ರವರಿ 11, ಮಂಗಳವಾರ

ಗುಂಡುವನ್ನು ಕರೆತರಲು ಅಕ್ಕನ ಅಂಗಡಿಗೆ ಹೋದೆ. ಸ್ಕೂಲು ಬಿಟ್ಟ ಮೇಲೆ ಅವಳ ಜಾಗ ಅದೇ. ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತಾಳೆ. ನಾನು ಕೂರಿಸಿದರೆ ಹತ್ತು ನಿಮಿಷಕ್ಕೆ ಹೊಟ್ಟೆನೋವು. ಅಕ್ಕ ಕೂರಿಸಿದರೆ ಒಂದು ಗಂಟೆ.

ಇವತ್ತು ಹೋಂವರ್ಕ್ ಮುಗಿದು ಡಾಕ್ಟರಾಟ ನಡೆದಿತ್ತು. ಅಕ್ಕ ಪೇಷಂಟು.

"ದೊಡ್ಡಮ್ಮ, ಬೆರಳು ಕೊಡು. ಅಯ್ಯೋ, ನಿಂಗೆ ಐನೂರು ಇದೆ!"

"ಐನೂರಾ? ಹಂಗಾದ್ರೆ ಸತ್ತೇ ಹೋದೆ ಬಿಡು. ಈ ಜಿಪ್ ಒಂದು ಹಾಕಿ ಸಾಯ್ತೀನಿ, ನಾಳೆ ಕೊಡಬೇಕು."

ಗುಂಡುವಿನ ಕೈಯಲ್ಲಿದ್ದದ್ದು ಆ ಮಶೀನು. ನನ್ನ ಬೆರಳು ಚುಚ್ಚಿ ನೋಡುತ್ತಿದ್ದದ್ದು. ಬೂದು ಬಣ್ಣ, ಮೂಲೆಯಲ್ಲಿ ಬಿರುಕು. ಒಂಬತ್ತು ವರ್ಷದಿಂದ ದಾರದುಂಡೆಗಳ ಡಬ್ಬಿಯಲ್ಲಿತ್ತಂತೆ. ಸೆಲ್ಲು ಯಾವತ್ತೋ ಸತ್ತಿದೆ.

ನಾನೂ ನಕ್ಕೆ. ಹೊರಡುವಾಗ ಮಶೀನನ್ನು ಬ್ಯಾಗಿಗೆ ಹಾಕಿಕೊಂಡೆ. ಅಕ್ಕ ದಾರ ಕಚ್ಚಿ ಹರಿಯುತ್ತಿದ್ದಳು, ನೋಡಲಿಲ್ಲ.

ಫೆಬ್ರವರಿ 12, ಬುಧವಾರ. ಬೆಳಿಗ್ಗೆ 7.40, ಆಫೀಸು

ಯಾರೂ ಬಂದಿಲ್ಲ. ಜೇಬಿನ ತಕ್ಕಡಿಗೆ ಹಾಕುವ ಚಪ್ಪಟೆ ಸೆಲ್ಲು ಇದಕ್ಕೂ ಆಗುತ್ತದೆ. ಹಾಕಿದೆ. ತೆರೆ ಹೊತ್ತಿಕೊಂಡಿತು. ದಿನಾಂಕ ಕೇಳಿತು, ಪಾಪ. ಗುಂಡಿ ಒತ್ತಿ ಹಿಂದಕ್ಕೆ ಹೋದೆ. ಎಲ್ಲ ಇದೆ. ದಿನ, ಗಂಟೆ ಸಮೇತ.

ಹನ್ನೆರಡನೇ ದಿನ ಮಧ್ಯಾಹ್ನ. ಪುಸ್ತಕದಲ್ಲಿ 131, ಮಶೀನಿನಲ್ಲಿ 207.
ಇಪ್ಪತ್ತನೇ ದಿನ. 119. 194.
ಮೂವತ್ತಮೂರು. 128. 220.
ಕೊನೆಯ ದಿನ, ನೀರೊಡೆಯುವ ಮುಂಚಿನ ಸಂಜೆ. 121. 231.

ನೂರಾಹದಿನಾಲ್ಕರಲ್ಲಿ 140 ದಾಟದವು ಒಂಬತ್ತು.

ಒಂದೊಂದನ್ನೂ ಹಾಳೆಗೆ ಇಳಿಸಿದೆ. ಮೂವತ್ತನೇ ವಾರದ ಸ್ಕ್ಯಾನ್ ನೆನಪಾಯಿತು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಾ, "ಮಗುವಿನ ಸುತ್ತ ನೀರು ಜಾಸ್ತಿ ಇದೆಯಲ್ಲ… ಶುಗರ್ ಹೇಗಿದೆ?" ಅಂದಿದ್ದರು. ಅಕ್ಕ ಪುಸ್ತಕ ಕೊಟ್ಟಳು. ತಿಂಗಳಿಗೊಮ್ಮೆ ಲ್ಯಾಬಿನಲ್ಲಿ ನೋಡಿದ್ದು ಖಾಲಿ ಹೊಟ್ಟೆಯದು ಮಾತ್ರ, ಅದು ಸರಿಯಾಗೇ ಇರುತ್ತಿತ್ತು. ಊಟದ ನಂತರದ್ದಕ್ಕೆ ನಮ್ಮ ಪುಸ್ತಕವೇ ಗತಿ. ಅವರು ಪುಟ ತಿರುವಿದರು. "ಶುಗರ್ ಇಷ್ಟು ಚೆನ್ನಾಗಿದೆ. ಹಾಗಾದ್ರೆ ಇದು ಬೇರೇನೋ. ನೋಡೋಣ." ಮೂರು ವಾರಕ್ಕೆ ಆ ನೀರೇ ಒಡೆದು ದಾರಿ ಮಾಡಿಕೊಂಡಿತು.

ಮೇಷ್ಟ್ರು ಬಂದರು. "ಏನಮ್ಮ, ಇಷ್ಟು ಬೇಗ? ತಕ್ಕಡಿಗಳಿಗೆ ಇನ್ನೂ ಎಚ್ಚರ ಆಗಿಲ್ಲ."

ಫೆಬ್ರವರಿ 23, ಭಾನುವಾರ

ಹನ್ನೊಂದು ದಿನ ಏನೂ ಬರೆದಿಲ್ಲ. ದಿನಾ ಸಂಜೆ ಅಂಗಡಿಗೆ ಹೋದೆ, ಮಗುವನ್ನು ಕರೆತಂದೆ, "ಬರ್ತೀನಕ್ಕ" ಅಂದೆ.

ಇವತ್ತು ಗುಂಡು ಅಪ್ಪನ ಜೊತೆ ಹೊರಗೆ ಹೋಗಿದ್ದಳು. ಅಂಗಡಿಗೆ ರಜೆ. ಅಕ್ಕ ಒಳಗಿಂದ ಬಾಗಿಲು ಹಾಕಿಕೊಂಡು ಯೂನಿಫಾರಂ ಬಟ್ಟೆ ಕತ್ತರಿಸುತ್ತಿದ್ದಳು. ಮಶೀನು ಮೇಜಿನ ಮೇಲಿಟ್ಟೆ.

"ಓ, ನೀನು ತಗೊಂಡಿದ್ಯಾ? ಎರಡು ವಾರದಿಂದ ಅಂಗಡಿಯೆಲ್ಲ ಬುಡಮೇಲು ಮಾಡ್ತಿದಾಳೆ ನಿನ್ನ ಮಗಳು."

"ಸೆಲ್ಲು ಹಾಕಿದೆ ಅಕ್ಕ."

ಕತ್ತರಿ ನಿಲ್ಲಲಿಲ್ಲ. ಸೀಮೆಸುಣ್ಣದ ಗೆರೆ ಮುಗಿಯುವವರೆಗೂ ಕತ್ತರಿಸಿದಳು. ಆಮೇಲೆ ಅಂದಳು:

"ಅದಕ್ಕೆ ಜ್ಞಾಪಕ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಮೊದಲ ಮಾತು ಅದು. ಇಲ್ಲ ಅನ್ನಲಿಲ್ಲ. ತಪ್ಪಾಯಿತು ಅನ್ನಲೂ ಇಲ್ಲ.

"ಯಾಕೆ?"

"ನೀನೇ ಅಂದ್ಯಲ್ಲ, ನಂಬರ್ ಹೇಳಬೇಡ ಅಂತ."

"ನನಗೆ ಹೇಳಬೇಡ ಅಂದೆ. ಡಾಕ್ಟರಿಗೆ ಹೇಳಬೇಡ ಅಂದೆನಾ?"

"ಡಾಕ್ಟರಿಗೆ ಹೇಳಿದ್ರೆ ಸೂಜಿ ಶುರು ಮಾಡ್ತಿದ್ರು. ಅಮ್ಮನಿಗೆ ಇನ್ಸುಲಿನ್ ಶುರುವಾಗಿ ಎಷ್ಟು ದಿನ ಇದ್ಲು? ನಲವತ್ತು ದಿನ. ನಿನಗೆ ಆಗ ಹದಿನೈದು. ಬಾಗಿಲ ಹೊರಗೆ ನಿಂತಿದ್ದೋಳು ನೀನು, ಒಳಗೆ ಇದ್ದೋಳು ನಾನು."

"ಅಮ್ಮ ಹೋದದ್ದು ಸೂಜಿಯಿಂದ ಅಲ್ಲ. ಬೇಡ ಬೇಡ ಅಂತ ಸೂಜೀನ ಮುಂದೆ ಹಾಕಿದ್ರಿಂದ."

"ಅದು ಈಗ ಗೊತ್ತು. ಆವಾಗ ಯಾರು ಬಂದು ಹೇಳಿದ್ರು ನನಗೆ? ಊಟ ಕಮ್ಮಿ ಮಾಡಿದೆ, ನಿನ್ನ ನಡೆಸಿದೆ, ದಿನಾ ಇವತ್ತು ಇಳಿಯುತ್ತೆ ಅಂದ್ಕೊಂಡೆ. ಇಳಿದ ದಿನ ನಿಜಾನೇ ಬರೆದೆ."

ಒಂಬತ್ತು. ಹೌದು, ಆ ಒಂಬತ್ತು ನಿಜ.

"ನೀರು ಜಾಸ್ತಿ ಅಂದ್ರಲ್ಲ ಸ್ಕ್ಯಾನ್‌ನಲ್ಲಿ, ಅವತ್ತಾದ್ರೂ—"

"ಅವತ್ತು ನೀನು ಹೊರಗೆ ಹೋದ ಮೇಲೆ ಹೇಳಬೇಕು ಅಂತಾನೇ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಮತ್ತೆ ಪುಸ್ತಕ ನೋಡಿ, ಎಷ್ಟು ಶಿಸ್ತಮ್ಮ ನಿಮ್ಮದು, ಚಿನ್ನದಂಥ ಪುಸ್ತಕ, ಅಂದ್ಬಿಟ್ರು. ನನ್ನ ಜನ್ಮದಲ್ಲಿ ಯಾವ ಓದಿದೋರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಬಾಯಿ ಕಟ್ಟಿಹೋಯ್ತು."

ಪುಸ್ತಕವೇ, ಹಾಗಾದರೆ. ಶುಗರ್ ಅಲ್ಲ.

"ಒಂಬತ್ತು ವರ್ಷ ಅದನ್ನೇ ನನಗೆ ಹೇಳ್ಕೊಂಡು ಬಂದ್ಯಲ್ಲಕ್ಕ. ಶುಗರ್ ಅಂತ ಮಾಡಿ."

"ಬಂದೆ. ಅದನ್ನ ಕೇಳಿ ನೀನು ಬದುಕಿದೆ. ಹೇಳಿ ನಾನು ಬದುಕಲಿಲ್ಲ. ಸಾಕಾ?"

ಸೀಮೆಸುಣ್ಣ ಕೈಯಲ್ಲೇ ಪುಡಿಯಾಗಿತ್ತು. ಸೆರಗಿಗೆ ಒರೆಸಿಕೊಂಡು ಇನ್ನೊಂದು ತುಂಡು ಹುಡುಕಿದಳು. ನಾನು ಎದ್ದು ಬಂದೆ. ಎಂಟು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿದವಳು, ಫೀಸು ಕಟ್ಟಿದವಳು, ಮದುವೆ ಬೇಡ ಅಂದವಳು. ಇವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಅಂತ ನನಗೆ ಅಭ್ಯಾಸವೇ ಇಲ್ಲ. ಎಲ್ಲಿಂದ ಹಿಡಿದುಕೊಳ್ಳಬೇಕು ಅಂತ ತಿಳಿಯುವುದಿಲ್ಲ.

ಫೆಬ್ರವರಿ 24, ಸೋಮವಾರ

ಇವರು ಬಸ್ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದರು. ಅಕ್ಕ ಬೇರೆ ನಂಬರ್ ಬರೀತಿದ್ದದ್ದು ಗೊತ್ತಿತ್ತಾ ಅಂತ ಕೇಳಿದೆ.

"ನನಗೆ ಗೊತ್ತಿರಲಿಲ್ಲ."

ಒಂದು ಶೂ ಬಿಚ್ಚಿದ ಮೇಲೆ: "ಗೊತ್ತಿರಲಿಲ್ಲ ಅಂದ್ರೆ… ಒಂದಿನ ಅವರು ಬರೀತಿದ್ದಾಗ ಮಶೀನು ಕಣ್ಣಿಗೆ ಬಿತ್ತು. ಬೇರೆ ನಂಬರಿತ್ತು. ನಾನೇ ತಪ್ಪು ಓದಿರಬೇಕು ಅಂದ್ಕೊಂಡೆ."

"ಕೇಳಲಿಲ್ವಾ?"

"ಕೇಳಿದ್ರೆ ಆಮೇಲೆ ಅದನ್ನ ನಾನು ನೋಡ್ಕೋಬೇಕಾಗ್ತಿತ್ತು."

ಇನ್ನೊಂದು ಶೂ ಬಿಚ್ಚಿದರು. ಜೋಡಿ ಮಾಡಿ ಗೋಡೆಗೆ ತಾಗಿಸಿ ಇಟ್ಟರು. ಯಾವತ್ತೂ ಇಡುವ ಹಾಗೆ, ನೇರಕ್ಕೆ.

ಮಾರ್ಚ್ 5, ಬುಧವಾರ

ಮಶೀನು, ನಾನು ಇಳಿಸಿದ ಹಾಳೆ, ಎರಡನ್ನೂ ಡಾಕ್ಟರ ಮುಂದಿಟ್ಟೆ. ಹೇಳಿದೆ. ಎಲ್ಲ ಅಲ್ಲ. ಬರೆದವಳು ನನ್ನ ಅಕ್ಕ ಅಂತ ಹೇಳಲಿಲ್ಲ, 'ಮನೆಯವರು' ಅಂದೆ. ಈಗಲೂ ಅವಳನ್ನು ಮರೆಮಾಡುವ ಕೈ ತಾನಾಗಿ ಮುಂದೆ ಬಂತು.

ಡಾಕ್ಟರು ಬೈಯಲಿಲ್ಲ. ಕನ್ನಡಕ ಇಳಿಸಿ ಓದಿದಳು. ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿದ್ದೆ: ಗುಂಡು ಹೀಗಿರುವುದು ಇದರಿಂದಲಾ?

"ಒಂದು ಮಗುವಿನ ವಿಷಯದಲ್ಲಿ ಹಾಗೆ ಹೇಳೋಕೆ ಬರಲ್ಲ. ಹೊಟ್ಟೆಯಲ್ಲಿದ್ದಾಗ ನಿಮ್ಮ ಶುಗರ್ ಜಾಸ್ತಿ ಇದ್ದದ್ದು ಒಂದು. ಬೇಗ ಹುಟ್ಟಿದ್ದು ಒಂದು. ಹುಟ್ಟಿದ ಮೇಲೆ ಅವಳ ಶುಗರ್ ಬಿದ್ದದ್ದು ಇನ್ನೊಂದು. ಏನೂ ಇಲ್ಲದೆಯೂ ಕೆಲವು ಮಕ್ಕಳು ಹೀಗಿರ್ತಾರೆ. ಇವನ್ನ ಬೇರೆ ಬೇರೆ ಇಟ್ಟು ತೂಗೋ ತಕ್ಕಡಿ ನಮ್ಮ ಹತ್ರ ಇಲ್ಲ."

ನನ್ನ ಕೆಲಸ ಏನು ಅಂತ ಅವಳಿಗೆ ಗೊತ್ತಿಲ್ಲ. ಸುಮ್ಮನೆ ಬಾಯಿಗೆ ಬಂದ ಮಾತು.

"ಹಿಂದಿನದು ಹೇಳೋಕಾಗಲ್ಲ. ಮುಂದಿನದು ಹೇಳ್ತೀನಿ. ಬುದ್ಧಿಗೇನೂ ಕಮ್ಮಿ ಇಲ್ಲ ಅವಳಿಗೆ. ಪಕ್ಕದಲ್ಲಿ ಕೂತು ನಿಧಾನವಾಗಿ ಕಲಿಸೋರು ಬೇಕು, ಈಗಲೇ ಬೇಕು. ಇಂಥ ಮಕ್ಕಳು ಈ ವಯಸ್ಸಲ್ಲಿ ಸಹಾಯ ಸಿಕ್ಕರೆ ತುಂಬ ದೂರ ಬರ್ತಾರೆ. ತಡವಾದಷ್ಟೂ, ನನಗೆ ಬರಲ್ಲ ಅಂತ ಮಗುವೇ ತೀರ್ಮಾನ ಮಾಡ್ಕೊಂಡುಬಿಡುತ್ತೆ. ಆದರೆ ಮನೇಲಿ ಭಾಗಾಕಾರ ಮಾಡ್ತಾಳೆ ಅಂದ್ರಿ, ಅದೇ ನನಗೆ ಅರ್ಥ ಆಗ್ತಿಲ್ಲ."

ಗುಂಪು ಬದಲಾಯಿಸಿದಳು. ನನ್ನ ಕಣ್ಣೆದುರೇ, ಪೆನ್ನಿನಲ್ಲಿ, ಒಂದರ ಮೇಲೆ ಗೆರೆ ಎಳೆದು ಎರಡು.

ಬಾಗಿಲ ಹತ್ತಿರ ಕೇಳಿದಳು: "ಹೆರಿಗೆ ಆದಮೇಲೆ ನೀವು ವರ್ಷಕ್ಕೊಮ್ಮೆ ಶುಗರ್ ನೋಡಿಸಿದ್ದೀರಾ?"

ಇಲ್ಲ. ಯಾಕೆ ನೋಡಿಸಲಿ, ನನ್ನದು ಚಿನ್ನ. ರಕ್ತ ಕೊಟ್ಟು ಬಂದೆ.

ಮಾರ್ಚ್ 6, ಗುರುವಾರ. ಸಂಜೆ

ಅಂಗಡಿಯಿಂದ ಬಂದ ಮೇಲೆ ಗುಂಡುವಿನ ಲೆಕ್ಕದ ಪುಸ್ತಕ ಬಿಡಿಸಿದೆ. ಎಲ್ಲ ಸರಿ. ಅವಳದೇ ಅಕ್ಷರ. ಪುಟ ತಿರುವಿದೆ, ಬೆಳಕಿಗೆ ಹಿಡಿದೆ. ಎಲ್ಲೂ ರಬ್ಬರ್ ಉಜ್ಜಿದ ಗುರುತಿಲ್ಲ. ಮಣಿಯನ್ನು ಮೂರು ಸಲ ಬೀಳಿಸುವ ಮಗು, ಪುಸ್ತಕದಲ್ಲಿ ಒಮ್ಮೆಯೂ ಅಳಿಸಿಲ್ಲ. ಅಕ್ಟೋಬರಿನಲ್ಲಿ ಟೀಚರ ಮುಂದೆ ಇದನ್ನೇ ಇಟ್ಟಿದ್ದು, ಹೆಮ್ಮೆಯಿಂದ.

ನಿನ್ನೆಯ ಲೆಕ್ಕ ಒಂದನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟೆ. 306ರಲ್ಲಿ 128 ಕಳೆ. ನಾಲಿಗೆ ಕಚ್ಚಿಕೊಂಡು ಬರೆದಳು: 222.

"ನಿನ್ನೆ ಇದಕ್ಕೇ 178 ಬರೆದಿದ್ದೀಯಲ್ಲ ಪುಟ್ಟ?"

"ಅದು ದೊಡ್ಡಮ್ಮನ ಅಂಗಡೀಲಿ."

"ಅಲ್ಲಿ ಹೇಗೆ ಬಂತು?"

"ಅಲ್ಲಿ ಮೊದಲು ಚೀಟಿ ಮೇಲೆ ನಂದು ಬರೀತೀನಿ. ಆಮೇಲೆ ದೊಡ್ಡಮ್ಮ ಹೇಳಿದ್ದನ್ನ ಪುಸ್ತಕದಲ್ಲಿ ಬರೀತೀನಿ. ಅದು ಅಮ್ಮಂಗೆ."

"ನಿಂದು?"

"ನಂದು ಬಟ್ಟೆಚೂರಿನ ಬುಟ್ಟಿಗೆ ಹಾಕ್ತೀವಿ."

"ಹಾಗೆ ಮಾಡು ಅಂತ ಯಾರು ಹೇಳಿದ್ದು? ದೊಡ್ಡಮ್ಮನಾ?"

ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಯಾರೂ ಹೇಳಿಲ್ಲ. ತಪ್ಪಾದ್ರೆ ಅಮ್ಮಂಗೆ ಬೇಜಾರಾಗುತ್ತಲ್ವಾ."

ಬೆಂಕಿ ಮುಟ್ಟಿದರೆ ಸುಡುತ್ತದೆ ಅನ್ನುವ ಹಾಗೆ ಅಂದಳು. ದೂರೇನೂ ಇಲ್ಲ ಅದರಲ್ಲಿ.

ಒಂಬತ್ತು ವರ್ಷ ಹಿಂದಿನದಕ್ಕೆ ಹೆದರಿಕೆ ಇತ್ತು, ಅಮ್ಮನ ಸಾವಿತ್ತು, ತಿಳಿಯದಿದ್ದದ್ದಿತ್ತು. ಎಲ್ಲವನ್ನೂ ಅದರ ಪಕ್ಕದಲ್ಲಿಟ್ಟು ನೋಡುವುದಕ್ಕೆ ಪ್ರಯತ್ನ ಮಾಡುತ್ತಲೇ ಇದ್ದೆ, ಈ ಹನ್ನೊಂದು ದಿನ. ಇದು ನಿನ್ನೆಯದು. ಭಾನುವಾರ ಅಷ್ಟೆಲ್ಲ ಮಾತಾದ ಮೇಲೂ, ಸೋಮವಾರ ಅಕ್ಕ ಅದೇ ಬುಟ್ಟಿಗೆ ಚೀಟಿ ಹಾಕಿಸಿದ್ದಾಳೆ. ಈ ಸಲ ಮಗುವಿಗೂ ಕೆಲಸ ಕಲಿಸಿದ್ದಾಳೆ.

ಮಾರ್ಚ್ 7, ಶುಕ್ರವಾರ

ಫಾರಂಗೆ ಸಹಿ ಹಾಕಿ ಟೀಚರಿಗೆ ಕೊಟ್ಟೆ. ಐದು ತಿಂಗಳು ತಡ. ಅವರು ಕಾರಣ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಗುಂಡುವನ್ನು ಅಂಗಡಿಗೆ ಕಳಿಸಲಿಲ್ಲ. ಐದೂಕಾಲಿಗೆ ಅಕ್ಕನ ಫೋನು.

"ಎಲ್ಲೇ ಮಗು?"

"ಇನ್ನು ಬರಲ್ಲ."

"ಲೆಕ್ಕದ್ದು ಗೊತ್ತಾಯ್ತಾ?"

"ಆಯ್ತು."

"ನೋಡು, ಅದು ಅಳ್ತಾ ಬರ್ತಿತ್ತು ಕಣೇ. ನೀನು ತಪ್ಪು ನೋಡಿ ಬೈಯಲ್ಲ, ಹೊಡೆಯಲ್ಲ. ಸುಮ್ಮನೆ ಪುಸ್ತಕ ಮುಚ್ಚಿ ಎದ್ದು ಹೋಗ್ತೀಯಂತೆ. ಬೈದಿದ್ರೆ ತಡ್ಕೊಳ್ತಿತ್ತು. ನಾನೇನು ಮಾಡಲಿ?"

ಫೋನಿಟ್ಟೆ. ಎದ್ದು ಹೋದೆ, ಅಂತಲೂ ಬರೆಯಬಹುದು.

ಮಾರ್ಚ್ 10, ಸೋಮವಾರ

ನನ್ನ ರಕ್ತದ ವರದಿ. ಮೂರು ತಿಂಗಳ ಸರಾಸರಿ. 6.5 ಮುಟ್ಟಿದರೆ ಕಾಯಿಲೆ ಇದೆ ಅಂತ ಲೆಕ್ಕ.

8.1.

ಬರೆದಿದ್ದೇನೆ. ಲಕೋಟೆ ಒಡೆದು ನಾನೇ ಓದಿದೆ.

ಮಾರ್ಚ್ 29, ಶನಿವಾರ. ಸಂಜೆ 6

ಮೂರು ವಾರ. ಬೆಳಿಗ್ಗೆ ಬೆರಳಿಗೆ ನಾನೇ ಚುಚ್ಚಿಕೊಳ್ಳುತ್ತೇನೆ. ಎಡಗೈಯದು, ಕಿರುಬೆರಳಿನ ಅಂಚು. ಅಲ್ಲಿ ನೋವು ಕಡಿಮೆ ಅಂತ ಯಾರೂ ಹೇಳಿರಲಿಲ್ಲ. ಬಂದದ್ದನ್ನು ಬರೆಯುತ್ತೇನೆ. ಮೂರು ದಿನ ಒಂದೇ ಅಂಕಿ ಬಂತು.

ಅಕ್ಕ ಬಂದಿಲ್ಲ. ಗುಂಡುವಿನ ಹೊಸ ಯೂನಿಫಾರಂ ಹೊಲಿದು ಇವರ ಕೈಲಿ ಕಳಿಸಿದ್ದಾಳೆ. ಅಳತೆ ತೆಗೆಯದೆ ಹೊಲಿದಿದ್ದಾಳೆ, ಸರಿಯಾಗಿ ಕೂತಿದೆ. ಗುಂಡು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ದೊಡ್ಡಮ್ಮಂಗೆ ತೋರಿಸಬೇಕು" ಅಂದಳು. ಸೋಮವಾರ ಹೋಗಿ ಬಾ, ಪುಸ್ತಕ ಮಾತ್ರ ಇಲ್ಲೇ ಇರಲಿ ಅಂದೆ. ಕಳಿಸದೆ ಇರಲಾರೆ. ಕಳಿಸಿ ನೆಮ್ಮದಿಯಾಗಿಯೂ ಇರಲಾರೆ. ಅಕ್ಕನ ಮುಖ ನೋಡುವ ಧೈರ್ಯ ನನಗಿನ್ನೂ ಇಲ್ಲ. ಇವರೇ ಬಿಟ್ಟು ಬರುತ್ತಾರೆ.

ಸ್ಕೂಲಿನಲ್ಲಿ ದಿನಾ ಒಂದು ಗಂಟೆ ಹತ್ತತ್ತು ಕಡ್ಡಿಯ ಕಟ್ಟು ಬಿಚ್ಚಿ, ಬಿಡಿ ಮಾಡಿ ಕಳೆಯುವುದನ್ನು ಕಲಿಸುತ್ತಿದ್ದಾರೆ. ಮನೆಗೆ ಹತ್ತು ಲೆಕ್ಕ. ಅಡುಗೆಮನೆ ಮೇಜು, ಎದುರುಬದುರು. ಇವತ್ತು ಆರು ಲೆಕ್ಕಕ್ಕೆ ನಾಲ್ಕು ತಪ್ಪು. ಸುಮ್ಮನೆ ಕೂತಿದ್ದೆ. ಏಳಲಿಲ್ಲ.

ಏಳನೆಯದು. 83ರಲ್ಲಿ 46. ಪೆನ್ಸಿಲ್ ನಿಂತಿತು. ಲೆಕ್ಕ ನೋಡಲಿಲ್ಲ ಅವಳು. ನನ್ನನ್ನು ನೋಡಿದಳು. 43 ಬರೆದಳು, ನೋಡಿದಳು. ಮುಖ ಅಲ್ಲಾಡದ ಹಾಗೆ ಇಟ್ಟುಕೊಂಡೆ, ಅಷ್ಟು ಗಟ್ಟಿಯಾಗಿ ಯಾವ ತಕ್ಕಡಿಯನ್ನೂ ಹಿಡಿದಿಲ್ಲ. ಅಳಿಸಿದಳು. 47. ನೋಡಿದಳು. ಅಳಿಸಿದಳು. 37. ನೋಡಿದಳು. ನನ್ನ ಕೆನ್ನೆಯಲ್ಲೋ ಹುಬ್ಬಿನಲ್ಲೋ ಏನೋ ಸಡಿಲವಾಗಿರಬೇಕು. ಗೊತ್ತಾಗಿಬಿಟ್ಟಿತು ಅವಳಿಗೆ. ಕೆಳಗೆ ಗೆರೆ ಎಳೆದು ಎಂಟನೆಯದಕ್ಕೆ ಹೋದಳು.

ಉತ್ತರ ಸರಿ. ಕಡ್ಡಿ ಕಟ್ಟು ಬಿಚ್ಚಿಯೇ ಇರಲಿಲ್ಲ.

ಕುರ್ಚಿ ತಿರುಗಿಸಿಕೊಂಡು ಕಿಟಕಿಯ ಕಡೆ ಕೂತೆ. "ಅಮ್ಮ, ಈ ಕಡೆ ನೋಡು." ನೋಡಲ್ಲ, ನೀನು ಮಾಡು ಅಂದೆ. ಆಮೇಲೆ ಬೆನ್ನ ಹಿಂದೆ ಕಟ್ಟು ಬಿಚ್ಚಿದ ಸದ್ದು, ಕಡ್ಡಿಗಳು ಮೇಜಿನ ಮೇಲೆ ಹರಡಿದ ಸದ್ದು. ಎಣಿಸುತ್ತಿದ್ದಾಳೆ. ತಪ್ಪಿ ಮತ್ತೆ ಮೊದಲಿಂದ. ಇದನ್ನು ಹಾಗೇ, ಅವಳಿಗೆ ಬೆನ್ನು ಹಾಕಿ, ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಅಕ್ಕ, ನನ್ನ ಮುಖ ನೋಡಿ ಉತ್ತರ ಬರೆಯೋಕೆ ನೀನು ಶುರು ಮಾಡಿದ್ದು ಯಾವತ್ತು? ಅಮ್ಮನ ಕೋಣೆಯಿಂದ ಬಾಗಿಲು ಎಳ್ಕೊಂಡು ಹೊರಗೆ ಬಂದು, ನನ್ನ ನೋಡಿ, ಒಂದು ಕ್ಷಣ ನಿಂತು, "ಈಗ ಪರವಾಗಿಲ್ಲ" ಅಂದ್ಯಲ್ಲ… ಅವತ್ತಾ, ಅದಕ್ಕೂ ಮುಂಚೆನೇನಾ?